ಮಡಿಕೇರಿ ಕೋಟೆಯ ವಸ್ತುಸಂಗ್ರಹಾಲಯವನ್ನು ನೋಡುವ ಕ್ರಮ

ಮಡಿಕೇರಿಯ ಕೋಟೆಯೊಳಗೆ, ಹಿಂದೆ ಸೇಂಟ್ ಮಾರ್ಕ್ಸ್ ಚರ್ಚ್ ಆಗಿದ್ದ ಕಟ್ಟಡದಲ್ಲಿ, ರಾಜ್ಯ ಪುರಾತತ್ತ್ವ ಇಲಾಖೆಯ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ಜೈನ ಶಿಲ್ಪಗಳು, ವೀರಗಲ್ಲುಗಳು, ಕೊಡಗಿನ ಕತ್ತಿ ಕೋವಿಗಳು, ನಾಣ್ಯಗಳು, ಬ್ರಿಟಿಷರ ಕಾಲದ ಸಾಮಾನುಗಳು, ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ನೆನಪಿಗೆ ಮೀಸಲಾದ ಭಾಗ, ಹೀಗೆ ಒಂದಕ್ಕೊಂದು ನೇರ ನಂಟಿಲ್ಲದ ವಸ್ತುಗಳು ಅಲ್ಲಿ ಒಂದೇ ಸೂರಿನಡಿ ಸೇರಿವೆ. ಪ್ರವಾಸಿಗರಲ್ಲಿ ಹೆಚ್ಚಿನವರು ಅಬ್ಬಿ ಜಲಪಾತಕ್ಕೂ ರಾಜಾಸೀಟಿನ ಸೂರ್ಯಾಸ್ತಕ್ಕೂ ನಡುವೆ ಸಿಕ್ಕ ಬಿಡುವಿನಲ್ಲಿ ಒಳಹೊಕ್ಕು, ಒಂದು ಸುತ್ತು ಹಾಕಿ, ಹತ್ತು ನಿಮಿಷದಲ್ಲಿ ಹೊರಬರುತ್ತಾರೆ. ಅಷ್ಟು ಅವಸರದಲ್ಲಿ ನೋಡಿದವರಿಗೆ ಅದು ಹಳೆಯ ಸಾಮಾನುಗಳನ್ನು ಜೋಡಿಸಿಟ್ಟ ಕೋಣೆಯಂತೆ ಕಂಡರೆ ಆಶ್ಚರ್ಯವಿಲ್ಲ. ಅಲ್ಲಿರುವ ಪ್ರತಿಯೊಂದು ವಸ್ತುವೂ ಬೇರೆಲ್ಲೋ ಒಂದು ನೆಲೆಯಲ್ಲಿ ಇದ್ದು, ಅಲ್ಲಿಂದ ತೆಗೆದುಕೊಂಡು ಬಂದದ್ದು. ಆದ್ದರಿಂದ ಪ್ರತಿಯೊಂದರ ಮುಂದೆಯೂ ನಿಂತು ‘ಇದು ಮೊದಲು ಎಲ್ಲಿತ್ತು, ಯಾರ ಕೈಯಲ್ಲಿತ್ತು, ಯಾವುದಕ್ಕೆ ಬಳಕೆಯಾಗುತ್ತಿತ್ತು’ ಎಂದು ಕೇಳಿಕೊಳ್ಳುವುದೇ ಈ ಸಂಗ್ರಹವನ್ನು ನೋಡುವ ಸರಿಯಾದ ದಾರಿ ಎಂದು ನಾನು ನಂಬಿದ್ದೇನೆ. ಮುಂದಿನ ಸೂಚನೆಗಳನ್ನೆಲ್ಲ ಆ ನಂಬಿಕೆಯಿಂದಲೇ ಬರೆದಿದ್ದೇನೆ.

ಹೊರಡುವ ಮುನ್ನ

ಇಲಾಖೆಯ ವಸ್ತುಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ಸೋಮವಾರ ಮತ್ತು ಸರ್ಕಾರಿ ರಜಾದಿನಗಳಂದು ಬಿಡುವು ಇರುವುದರಿಂದ ವಾರದ ನಡುವಿನ ಒಂದು ದಿನವನ್ನು ಆರಿಸಿಕೊಳ್ಳುವುದು ಒಳ್ಳೆಯದು. ಮಡಿಕೇರಿ ದಸರಾದ ದಿನಗಳಲ್ಲಿ, ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣದ ಆಸುಪಾಸಿನಲ್ಲಿ ಮತ್ತು ವರ್ಷಾಂತ್ಯದಲ್ಲಿ ಊರು ಕಿಕ್ಕಿರಿದಿರುತ್ತದೆ. ಆಗ ಕೋಟೆಯ ಬಳಿ ವಾಹನ ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಅರ್ಧ ಹೊತ್ತು ಕಳೆದುಹೋಗುತ್ತದೆ. ಬಸ್ಸಿನಲ್ಲಿ ಬರುವವರಿಗೆ ಈ ತೊಂದರೆಯಿಲ್ಲ, ಏಕೆಂದರೆ ಕೋಟೆಯು ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರದಲ್ಲೇ ಇದೆ. ಕೊಡಗಿಗೆ ರೈಲು ಸಂಪರ್ಕವಿಲ್ಲದ ಕಾರಣ ದೂರದವರು ಮೈಸೂರಿನವರೆಗೆ ರೈಲಿನಲ್ಲಿ ಬಂದು, ಅಲ್ಲಿಂದ ಸುಮಾರು 120 ಕಿಲೋಮೀಟರ್ ಬಸ್ಸಿನಲ್ಲಿ ಬರಬೇಕಾಗುತ್ತದೆ.

ಋತುವಿನ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಮಂಜು ಮುಸುಕಿ ಹಗಲಿನಲ್ಲೂ ಬೆಳಕು ಮಂದವಾಗಿರುತ್ತದೆ. ಕಲ್ಲಿನ ಮೇಲಿನ ತೆಳುವಾದ ಕೆತ್ತನೆಯನ್ನು ಓದಬೇಕೆನ್ನುವವರಿಗೆ ಅದು ತಕ್ಕ ಕಾಲವಲ್ಲ. ಮಳೆ ಕಳೆದ ಮೇಲೆ, ವಿಶೇಷವಾಗಿ ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ, ಆಕಾಶ ತಿಳಿಯಾಗಿರುವ ದಿನದ ಬೆಳಗಿನಲ್ಲಿ ಹೋದರೆ ಕಿಟಕಿಗಳ ಬಣ್ಣದ ಗಾಜೂ ಚೆನ್ನಾಗಿ ಕಾಣುತ್ತದೆ, ಶಿಲ್ಪಗಳೂ ಕಾಣುತ್ತವೆ. ಮಳೆಗಾಲದಲ್ಲೇ ಬರಬೇಕಾದವರು ಒದ್ದೆ ಕೊಡೆ ಮತ್ತು ಮಳೆಕೋಟನ್ನು ಒಳಗೆ ಒಯ್ಯದೆ ಬಾಗಿಲಲ್ಲೇ ಬಿಡಬೇಕು, ಏಕೆಂದರೆ ಹಳೆಯ ಮರಕ್ಕೂ ಕಬ್ಬಿಣಕ್ಕೂ ತೇವದಷ್ಟು ಹಾನಿ ಮಾಡುವುದು ಬೇರೊಂದಿಲ್ಲ. ಕೋಟೆ ಮತ್ತು ಸಂಗ್ರಹಾಲಯ ಎರಡಕ್ಕೂ ಸೇರಿ ಕನಿಷ್ಠ ಎರಡು ಗಂಟೆಯನ್ನಾದರೂ ತೆಗೆದಿಡಿ. ಸಣ್ಣ ನೋಟ್‌ಬುಕ್ ಒಂದು ಜೊತೆಗಿರಲಿ. ಕ್ಯಾಮೆರಾ ತೆಗೆಯುವ ಮುನ್ನ ಸಿಬ್ಬಂದಿಯ ಅನುಮತಿ ಕೇಳುವುದು ನಿಯಮಕ್ಕಾಗಿ ಮಾತ್ರ ಅಲ್ಲ; ಹಾಗೆ ಕೇಳುವ ನೆಪದಲ್ಲಿ ಶುರುವಾದ ಮಾತಿನಿಂದಲೇ ಕೆಲವೊಮ್ಮೆ ಫಲಕದಲ್ಲಿಲ್ಲದ ವಿವರಗಳು ಸಿಗುತ್ತವೆ.

ಮೊದಲು ಕೋಟೆ, ಆಮೇಲೆ ಕಟ್ಟಡ

ನೇರವಾಗಿ ಸಂಗ್ರಹಾಲಯದ ಬಾಗಿಲಿಗೆ ಹೋಗಬೇಡಿ. ಒಳಗಿನ ವಸ್ತುಗಳಿಗೆ ಹಿನ್ನೆಲೆಯಾಗಿರುವ ಚರಿತ್ರೆಯೆಲ್ಲ ಹೊರಗಿನ ಗೋಡೆಗಳಲ್ಲಿದೆ, ಅದನ್ನು ಮೊದಲು ನೋಡಿಕೊಂಡರೆ ಒಳಗಿನದು ತಾನಾಗಿಯೇ ಅರ್ಥವಾಗುತ್ತದೆ. ಕೊಡಗನ್ನು ಆಳಿದ ಹಾಲೇರಿ ವಂಶದ ಮುದ್ದುರಾಜನು 1681ರ ವೇಳೆಗೆ ರಾಜಧಾನಿಯನ್ನು ಇಲ್ಲಿಗೆ ತಂದು ಮಣ್ಣಿನ ಕೋಟೆಯನ್ನು ಕಟ್ಟಿಸಿದನು. ಮೈಸೂರಿನ ಸೈನ್ಯ ಕೊಡಗನ್ನು ಹಿಡಿದಿದ್ದ ಕಾಲದಲ್ಲಿ ಟಿಪ್ಪು ಸುಲ್ತಾನನು ಅದನ್ನು ಕಲ್ಲಿನಲ್ಲಿ ಮತ್ತೆ ಕಟ್ಟಿಸಿ ಜಾಫರಾಬಾದ್ ಎಂದು ಹೆಸರಿಟ್ಟನು. 1790ರಲ್ಲಿ ದೊಡ್ಡವೀರರಾಜೇಂದ್ರನು ಕೋಟೆಯನ್ನು ಮರಳಿ ವಶಪಡಿಸಿಕೊಂಡನು. ಒಳಗಿರುವ ಅರಮನೆಯನ್ನು ಲಿಂಗರಾಜೇಂದ್ರನು 1812ರಿಂದ 1814ರ ಅವಧಿಯಲ್ಲಿ ನವೀಕರಿಸಿದನು. 1834ರ ಏಪ್ರಿಲ್‌ನಲ್ಲಿ ಚಿಕವೀರರಾಜೇಂದ್ರನು ಪದಚ್ಯುತನಾಗಿ ಕೊಡಗು ಬ್ರಿಟಿಷರ ಕೈಸೇರಿದ ಮೇಲೆ ಕೋಟೆಯು ಅವರ ಆಡಳಿತದ ಕೇಂದ್ರವಾಯಿತು. ಮೂರು ವರ್ಷಗಳ ನಂತರ, 1837ರ ಬಂಡಾಯದ ನಾಯಕರಲ್ಲಿ ಒಬ್ಬನಾದ ಗುಡ್ಡೆಮನೆ ಅಪ್ಪಯ್ಯಗೌಡನನ್ನು ಗಲ್ಲಿಗೇರಿಸಿದ್ದೂ ಇಲ್ಲಿಯೇ. ಆ ನೆಲದ ಮೇಲೆ ನಿಂತಿದ್ದೇವೆಂಬ ಅರಿವಿನಿಂದಲೇ ಒಳಗೆ ಕಾಲಿಡಬೇಕು ಎಂದು ನನಗೆ ಅನ್ನಿಸುತ್ತದೆ.

ಪೂರ್ವದ ಪ್ರವೇಶದ್ವಾರವನ್ನು ಗಮನಿಸಿ: ದಾರಿ ನೇರವಾಗಿಲ್ಲ, ತಿರುವುಗಳನ್ನು ಬಳಸಿ ಒಳಗೆ ಬರುತ್ತದೆ. ಒಳನುಗ್ಗುವ ಶತ್ರುವಿನ ವೇಗವನ್ನು ಮುರಿದು, ಮೇಲಿನಿಂದ ಹೊಡೆಯಲು ಅನುವಾಗುವಂತೆ ಹೀಗೆ ಕಟ್ಟುತ್ತಿದ್ದರು. ಕೋಟೆಯು ಆರು ಮೂಲೆಗಳ ಆಕಾರದಲ್ಲಿದ್ದು ಮೂಲೆಗಳಲ್ಲಿ ದುಂಡನೆಯ ಕೊತ್ತಲಗಳಿವೆ. ಗೋಡೆಯ ಮೇಲೆ ಹತ್ತಲು ಅವಕಾಶವಿರುವ ಕಡೆ ನಿಂತು ನೋಡಿದರೆ ಊರು ಈ ಗುಡ್ಡವನ್ನೇ ಸುತ್ತಿಕೊಂಡು ಬೆಳೆದಿರುವುದು ತಿಳಿಯುತ್ತದೆ. ಒಳಗೆ ಗಾರೆಯಿಂದ ಮಾಡಿದ, ನಿಜವಾದ ಗಾತ್ರದ ಎರಡು ಆನೆಗಳಿವೆ. ತನ್ನ ಅಪ್ಪಣೆಯಿಂದ ಸತ್ತ ಆನೆಗಳಿಗಾಗಿ ಪಶ್ಚಾತ್ತಾಪಪಟ್ಟು ಅರಸನು ಅವನ್ನು ಮಾಡಿಸಿದನೆಂಬ ಐತಿಹ್ಯ ಊರಿನಲ್ಲಿದೆ. ಎರಡು ಅಂತಸ್ತಿನ ಅರಮನೆಯ ಮುಂದೆ ಗಡಿಯಾರದ ಗೋಪುರವೂ, ಬ್ರಿಟಿಷ್ ಕಮಿಷನರರ ಕಾರು ನಿಲ್ಲಿಸಲು 1933ರಲ್ಲಿ ಸೇರಿಸಿದ ಮುಖಮಂಟಪವೂ ಇವೆ. ಅರಸರ ಮನೆಯ ಮುಂದೆ ಕಾರಿಗೆಂದು ಕಟ್ಟಿದ ಆ ಮಂಟಪವನ್ನು ಒಂದು ನಿಮಿಷ ನಿಂತು ನೋಡಿ. ಅಧಿಕಾರ ಯಾರಿಂದ ಯಾರಿಗೆ ಹೋಯಿತೆಂಬುದನ್ನು ಅದರಷ್ಟು ಸ್ಪಷ್ಟವಾಗಿ ಹೇಳುವ ಕಟ್ಟಡ ಕೋಟೆಯಲ್ಲಿ ಇನ್ನೊಂದಿಲ್ಲ. ಕೋಟೆಯ ಗಣಪತಿಯ ಗುಡಿಯಲ್ಲಿ ಈಗಲೂ ಪೂಜೆ ನಡೆಯುತ್ತದೆ, ಅಲ್ಲಿ ದೇವರನ್ನು ಕಂಡು ಮುಂದೆ ಹೋಗಬಹುದು.

ಇಷ್ಟಾದ ಮೇಲೆ ಆಗ್ನೇಯ ಮೂಲೆಯ ಚರ್ಚಿನತ್ತ ಬನ್ನಿ. ಇದನ್ನು ಬ್ರಿಟಿಷರು 1855ರಲ್ಲಿ, ಆ ಜಾಗದಲ್ಲಿದ್ದ ವೀರಭದ್ರನ ಗುಡಿಯನ್ನು ತೆಗೆದು ಕಟ್ಟಿದರು. ಸ್ವಾತಂತ್ರ್ಯದ ನಂತರ ಇಲ್ಲಿ ಪ್ರಾರ್ಥನೆ ನಿಂತುಹೋಯಿತು. 1971ರಲ್ಲಿ ಪುರಾತತ್ತ್ವ ಇಲಾಖೆಯು ವಸ್ತುಸಂಗ್ರಹಾಲಯವನ್ನು ತೆರೆಯಿತು. ಹೀಗಾಗಿ ಈ ಕಟ್ಟಡವೇ ಸಂಗ್ರಹದ ಮೊದಲ ವಸ್ತು, ಮತ್ತು ತನ್ನ ನೆಲೆಯಲ್ಲೇ ಉಳಿದುಕೊಂಡಿರುವ ವಸ್ತು. ಹೊರಗಿನಿಂದ ನೋಡುವಾಗ ಗಾಥಿಕ್ ಶೈಲಿಯ, ಮೇಲೆ ಚೂಪಾಗಿ ಕೂಡುವ ಕಮಾನುಗಳನ್ನು ಗುರುತಿಸಿಕೊಳ್ಳಿ. ಬಣ್ಣದ ಗಾಜನ್ನು ಮಾತ್ರ ಒಳಗಿನಿಂದಲೇ ನೋಡಬೇಕು, ಏಕೆಂದರೆ ಹೊರಗಿನವರಿಗೆ ಅದು ಕಪ್ಪಗೆ ಕಾಣುತ್ತದೆ. ಒಳಗೆ ಹೋದ ಕೂಡಲೇ ವಸ್ತುಗಳತ್ತ ತಿರುಗದೆ ನಡುವಿನ ಹಾದಿಯಲ್ಲಿ ನಿಂತು ಒಮ್ಮೆ ಛಾವಣಿಯನ್ನೂ ಎದುರಿನ ತುದಿಯನ್ನೂ ನೋಡಿ. ಜನರೆಲ್ಲ ಸಾಲಾಗಿ ಕುಳಿತು ಒಂದೇ ದಿಕ್ಕಿಗೆ ಮುಖಮಾಡಲೆಂದು ಕಟ್ಟಿದ ಸಭಾಂಗಣದಲ್ಲಿ ಈಗ ಗೋಡೆಯುದ್ದಕ್ಕೂ ವಸ್ತುಗಳು ನಿಂತಿವೆ, ನೋಡುವವರು ಅದರ ನಡುವೆ ಓಡಾಡುತ್ತಾರೆ.

ಕಲ್ಲುಗಳನ್ನು ಓದುವ ಬಗೆ

ಮೊದಲ ಸುತ್ತಿನಲ್ಲಿ ಯಾವ ಫಲಕವನ್ನೂ ಓದಬೇಡಿ. ನಿಧಾನವಾಗಿ ಎಲ್ಲವನ್ನೂ ದಾಟಿ ಹೋಗಿ, ಕಣ್ಣು ತಾನಾಗಿ ನಿಂತ ಮೂರೋ ನಾಲ್ಕೋ ವಸ್ತುಗಳನ್ನು ಗುರುತುಮಾಡಿಕೊಳ್ಳಿ, ಎರಡನೆಯ ಸುತ್ತಿನಲ್ಲಿ ಅವುಗಳ ಬಳಿಗೆ ಮಾತ್ರ ಹಿಂತಿರುಗಿ. ಇಂತಹ ಬೆರಕೆ ಸಂಗ್ರಹದಲ್ಲಿ ಎಲ್ಲವನ್ನೂ ನೋಡಿಬಿಡುತ್ತೇನೆಂದು ಹೊರಟವರ ನೆನಪಿನಲ್ಲಿ ಕೊನೆಗೆ ಯಾವುದೂ ಉಳಿಯುವುದಿಲ್ಲ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಅದರಲ್ಲಿ ಮೂರು ಅಂಕಣಗಳಿರುತ್ತವೆ. ಕೆಳಗಿನದರಲ್ಲಿ ವೀರನು ಹೋರಾಡುತ್ತಿರುತ್ತಾನೆ. ಅದು ಗಡಿಯ ಕಾಳಗವಾಗಿರಬಹುದು, ತುರುಗೋಳಿನಲ್ಲಿ ಹಿಡಿದುಕೊಂಡು ಹೋದ ದನಗಳನ್ನು ಬಿಡಿಸಿ ತರುವ ಹೋರಾಟವಾಗಿರಬಹುದು, ಹುಲಿಯೊಂದಿಗಿನ ಸೆಣಸಾಟವೂ ಆಗಿರಬಹುದು. ನಡುವಿನದರಲ್ಲಿ ಅಪ್ಸರೆಯರು ಅವನನ್ನು ಎರಡೂ ಬದಿಯಿಂದ ಹಿಡಿದು ಮೇಲಕ್ಕೆ ಒಯ್ಯುತ್ತಾರೆ. ಮೇಲಿನ ಅಂಕಣದಲ್ಲಿ ಅವನು ಶಿವಲಿಂಗದ ಸನ್ನಿಧಿಯಲ್ಲಿ ಕುಳಿತಿರುತ್ತಾನೆ, ಅದರ ಮೇಲೆ ಸೂರ್ಯ ಚಂದ್ರರಿರುತ್ತಾರೆ. ಅವರು ಇರುವವರೆಗೆ ಈ ಕೀರ್ತಿ ಉಳಿಯಲಿ ಎಂಬುದು ಅದರ ಆಶಯ. ಅಂಕಣಗಳನ್ನು ಬೇರ್ಪಡಿಸುವ ಪಟ್ಟಿಯಲ್ಲಿ ಅಕ್ಷರಗಳಿವೆಯೇ ಎಂದು ನೋಡಿ, ಏಕೆಂದರೆ ಶಾಸನವನ್ನು ಹೆಚ್ಚಾಗಿ ಅಲ್ಲಿಯೇ ಕೆತ್ತುತ್ತಿದ್ದರು. ಬಳೆ ತೊಟ್ಟ, ಮೊಣಕೈಯಲ್ಲಿ ಮಡಿಸಿ ಮೇಲೆತ್ತಿದ ಕೈಯೊಂದು ಕಂಡರೆ ಅದು ಮಾಸ್ತಿಕಲ್ಲು, ಗಂಡನ ಚಿತೆಯೇರಿದ ಹೆಣ್ಣಿನ ನೆನಪಿಗೆ ನಿಲ್ಲಿಸಿದ್ದು. ಇಂತಹ ಕಲ್ಲುಗಳು ಮೊದಲು ನಿಂತಿದ್ದದ್ದು ಊರ ಬಾಗಿಲಲ್ಲಿ, ಗದ್ದೆಯ ಬದುವಿನಲ್ಲಿ, ಗುಡಿಯ ಅಂಗಳದಲ್ಲಿ. ದಾರಿಹೋಕರೆಲ್ಲ ದಿನವೂ ನೋಡಲೆಂದು ನಿಲ್ಲಿಸಿದ ಕಲ್ಲು ಅದು ಎಂಬುದನ್ನು ಒಳಗೆ ನೋಡುವಾಗ ಮನಸ್ಸಿನಲ್ಲಿಟ್ಟುಕೊಳ್ಳಿ.

ಸವೆದ ಕೆತ್ತನೆಯನ್ನು ನೋಡಲು ಒಂದು ಸರಳ ಉಪಾಯವಿದೆ. ಕಲ್ಲಿನ ಎದುರಿಗೆ ನಿಲ್ಲದೆ ಒಂದು ಬದಿಗೆ ಸರಿದು, ಕೆನ್ನೆಯನ್ನು ಗೋಡೆಗೆ ಹತ್ತಿರ ತಂದು, ಕಲ್ಲಿನ ಮೈಯನ್ನು ಓರೆಯಾಗಿ ನೋಡಿ. ಎದುರಿನಿಂದ ನುಣ್ಣಗೆ ಕಂಡ ಮೇಲ್ಮೈಯಲ್ಲಿ ಹಿಡಿದ ಕತ್ತಿಯ ಅಲಗು, ಸೊಂಟದ ಪಟ್ಟಿ, ಕುದುರೆಯ ಕಾಲು ಒಂದೊಂದಾಗಿ ಎದ್ದು ಬರುತ್ತವೆ. ಸಿಬ್ಬಂದಿ ಒಪ್ಪಿದರೆ ಮೊಬೈಲಿನ ಟಾರ್ಚನ್ನು ಪಕ್ಕದಿಂದ ಹಿಡಿಯಬಹುದು; ಶಾಸನತಜ್ಞರು ಅಕ್ಷರಗಳನ್ನು ಓದುವಾಗಲೂ ಓರೆ ಬೆಳಕಿನ ನೆರವನ್ನು ಪಡೆಯುತ್ತಾರೆ. ಕೈಯಿಂದ ಮುಟ್ಟಿ ನೋಡುವ ಆಸೆಯನ್ನು ಮಾತ್ರ ತಡೆದುಕೊಳ್ಳಬೇಕು, ಬೆರಳಿನ ಬೆವರು ಮತ್ತು ಜಿಡ್ಡು ಕಲ್ಲಿಗೂ ಅಂಟಿಕೊಳ್ಳುತ್ತವೆ.

ಜೈನ ಶಿಲ್ಪಗಳ ಮುಂದೆ ಅನೇಕರು ‘ಬುದ್ಧನ ವಿಗ್ರಹ’ ಎಂದು ಹೇಳಿ ಮುಂದೆ ಹೋಗುವುದನ್ನು ಕಂಡಾಗ ಬೇಸರವಾಗುತ್ತದೆ. ಜೈನರು ಪೂಜಿಸುವ ಜಿನನಾದ ತೀರ್ಥಂಕರನ ಮೈಮೇಲೆ ಬಟ್ಟೆಯೂ ಆಭರಣವೂ ಇರುವುದಿಲ್ಲ. ನಿಂತಿದ್ದರೆ ತೋಳುಗಳು ಮೈಗೆ ತಾಗದೆ ನೇರವಾಗಿ ಕೆಳಗೆ ಇಳಿದಿರುತ್ತವೆ, ಅದು ಕಾಯೋತ್ಸರ್ಗ. ಕುಳಿತಿದ್ದರೆ ಪದ್ಮಾಸನದಲ್ಲಿ ಎರಡೂ ಅಂಗೈಗಳು ಮಡಿಲಲ್ಲಿ ಒಂದರ ಮೇಲೊಂದು ಇರುತ್ತವೆ. ತಲೆಯ ಮೇಲೆ ಮೂರು ಅಂತಸ್ತಿನ ಮುಕ್ಕೊಡೆ ಇರುವುದು ವಾಡಿಕೆ. ತಲೆಯ ಹಿಂದೆ ಏಳು ಹೆಡೆಯ ಸರ್ಪವಿದ್ದರೆ ಅವನು ಪಾರ್ಶ್ವನಾಥ, ಐದು ಹೆಡೆಯಾದರೆ ಸಾಮಾನ್ಯವಾಗಿ ಸುಪಾರ್ಶ್ವನಾಥ. ಭುಜದ ಮೇಲೆ ಕೂದಲಿನ ಎಳೆಗಳು ಇಳಿದಿದ್ದರೆ ವೃಷಭನಾಥ. ಉಳಿದವರನ್ನು ಪೀಠದ ಮೇಲಿನ ಲಾಂಛನದಿಂದ ಗುರುತಿಸಬೇಕು: ಸಿಂಹವಿದ್ದರೆ ಮಹಾವೀರ, ಜಿಂಕೆಯಿದ್ದರೆ ಶಾಂತಿನಾಥ, ಚಂದ್ರನಿದ್ದರೆ ಚಂದ್ರನಾಥ. ಕೊಡಗಿನಲ್ಲಿ ಜೈನರೆಲ್ಲಿದ್ದರು ಎಂದು ಕೇಳುವವರಿಗೆ ಉತ್ತರವು ಶನಿವಾರಸಂತೆಯ ಬಳಿಯ ಮುಳ್ಳೂರಿನಲ್ಲಿದೆ. 11ನೆಯ ಶತಮಾನದಲ್ಲಿ ಆ ಸೀಮೆಯನ್ನು ಆಳಿದ ಕೊಂಗಾಳ್ವ ಅರಸರ ಆಶ್ರಯದಲ್ಲಿ ಅಲ್ಲಿ ಪಾರ್ಶ್ವನಾಥ, ಶಾಂತಿನಾಥ ಮತ್ತು ಚಂದ್ರನಾಥರ ಬಸದಿಗಳು ಎದ್ದವು, ಅವು ಇಂದಿಗೂ ನಿಂತಿವೆ. ಕೊಡಗಿನ ಶಾಸನಗಳನ್ನು ಬಿ. ಎಲ್. ರೈಸ್ 1886ರಲ್ಲಿಯೇ ಸಂಪಾದಿಸಿ ಪ್ರಕಟಿಸಿದ್ದು, ಎಪಿಗ್ರಾಫಿಯಾ ಕರ್ನಾಟಿಕಾ ಮಾಲೆಯ ಮೊದಲ ಸಂಪುಟ ಅದೇ ಆಗಿದೆ. ನೀವು ನೋಡಿದ ಕಲ್ಲಿನ ಊರಿನ ಹೆಸರು ಫಲಕದಲ್ಲಿದ್ದರೆ ಬರೆದುಕೊಳ್ಳಿ, ಮನೆಗೆ ಹೋದ ಮೇಲೆ ಆ ಸಂಪುಟದಲ್ಲಿ ಆ ಊರಿನ ಶಾಸನಗಳನ್ನು ಹುಡುಕಬಹುದು.

ಕತ್ತಿ, ಕೋವಿ

ಆಯುಧಗಳ ಬಳಿ ಗಂಡುಹುಡುಗರ ಗುಂಪು ಸದಾ ಇರುತ್ತದೆ. ಅವರು ಸರಿದ ಮೇಲೆ ಸಾವಕಾಶವಾಗಿ ನೋಡಿ. ಕೊಡಗಿನ ಒಡಿಕತ್ತಿಯ ಅಲಗು ಅಗಲವಾಗಿ, ಒಳಮುಖಕ್ಕೆ ಬಾಗಿ, ತುದಿಯ ಕಡೆಗೆ ತೂಕ ಹೆಚ್ಚಾಗಿರುವಂತೆ ಇರುತ್ತದೆ. ಇದಕ್ಕೆ ಒರೆಯಿಲ್ಲ, ಬೆನ್ನ ಹಿಂದೆ ಸೊಂಟಕ್ಕೆ ಕಟ್ಟಿದ ಲೋಹದ ತೊಡಂಗಿನಲ್ಲಿ ಸಿಕ್ಕಿಸಿಕೊಳ್ಳುತ್ತಾರೆ. ಪೀಚೆಕತ್ತಿ ಚಿಕ್ಕದು, ಕೊಡವರ ನಿಲುವಂಗಿಯಾದ ಕುಪ್ಯದ ಮೇಲೆ ಬಿಗಿದ ಕೆಂಪು ಸೊಂಟಪಟ್ಟಿ ಚೇಲೆಯಲ್ಲಿ ಮುಂಭಾಗಕ್ಕೆ ಸಿಕ್ಕಿಸುವಂಥದ್ದು. ಅದರ ಹಿಡಿ ಮತ್ತು ಒರೆಯ ಬೆಳ್ಳಿಯ ಕೆಲಸವನ್ನು ಬಗ್ಗಿ ನೋಡಿದರೆ ಅಕ್ಕಸಾಲಿಗನ ಕೈಚಳಕ ತಿಳಿಯುತ್ತದೆ. ಹಿಡಿ ಸವೆದಿದೆಯೇ, ಅಲಗಿನ ಅಂಚನ್ನು ಮತ್ತೆ ಮತ್ತೆ ಮಸೆದ ಗುರುತಿದೆಯೇ ಎಂದು ನೋಡಿ. ಸವೆದ ಹಿಡಿ ಬಳಕೆಯ ಕತ್ತಿಯದು, ಸವೆಯದೆ ಉಳಿದದ್ದು ಹೆಚ್ಚಾಗಿ ಮರ್ಯಾದೆಗೆ ಧರಿಸಿದ್ದು.

ಕೋವಿಯ ಕಾಲವನ್ನು ಅಂದಾಜು ಮಾಡಲು ಕುದುರೆಯ, ಎಂದರೆ ಗುಂಡು ಹಾರಿಸಲು ಬೆರಳಿನಿಂದ ಎಳೆಯುವ ಕೀಲಿನ, ಮೇಲ್ಭಾಗದ ಚಾಪನ್ನು ನೋಡಬೇಕು. ಉರಿಯುವ ಬತ್ತಿಯನ್ನು ಕಚ್ಚುವ ಕೊಕ್ಕೆ ಇದ್ದರೆ ಅದು ಬತ್ತಿಕೋವಿ; ಕೊಕ್ಕೆಯ ಬಾಯಲ್ಲಿ ಕಲ್ಲು ಹಿಡಿಯುವ ಜಾಗವಿದ್ದರೆ ಚಕಮಕಿಯದು; ಸಣ್ಣ ಮೊಳೆಯಂತಹ ಮೂತಿಯ ಮೇಲೆ ಸುತ್ತಿಗೆ ಬಡಿಯುವಂತಿದ್ದರೆ ಅದು 19ನೆಯ ಶತಮಾನದಲ್ಲಿ ಬಳಕೆಗೆ ಬಂದ ಕೇಪಿನ ಕೋವಿ.

ಈ ಆಯುಧಗಳ ವಿಶೇಷವೆಂದರೆ ಗಾಜಿನೊಳಗೆ ಇಟ್ಟಿರುವುದರ ಜೊತೆಯವು ಹೊರಗೆ ಇನ್ನೂ ಬಾಳುತ್ತಿವೆ. ಗದ್ದೆಯ ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹಬ್ಬದಂದು ಕುಟುಂಬದ ಮೂಲಮನೆಗಳಾದ ಐನ್‌ಮನೆಗಳಲ್ಲಿ ಕತ್ತಿ ಕೋವಿಗಳನ್ನು ದೀಪದ ಮುಂದಿಟ್ಟು, ಕೆಂಪು ಹಳದಿ ಬಣ್ಣದ ತೋಕ್‌ಪೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ಮದುವೆಯಲ್ಲಿ ಬಾಳೆಯ ದಿಂಡುಗಳನ್ನು ಸಾಲಾಗಿ ನೆಟ್ಟು ಒಡಿಕತ್ತಿಯಿಂದ ಕಡಿಯುವ ಬಾಳೆಬಿರುದಿನ ಶಾಸ್ತ್ರ ಇಂದಿಗೂ ನಡೆಯುತ್ತದೆ. 1861ರಲ್ಲಿ ಬ್ರಿಟಿಷ್ ಆಡಳಿತವು ಕೊಡಗಿನವರಿಗೆ ಆಯುಧ ಕಾಯಿದೆಯಿಂದ ನೀಡಿದ ವಿನಾಯಿತಿಯ ಮುಂದುವರಿಕೆಯಾಗಿ ಕೊಡವರಿಗೂ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ಈಗಲೂ ರಿಯಾಯಿತಿಯಿದೆ. ಆದ್ದರಿಂದ ಪರಿಚಯದ ಕೊಡಗಿನ ಮನೆಯ ಹಿರಿಯರಿದ್ದರೆ ಅವರನ್ನು ಜೊತೆಗೆ ಕರೆದುಕೊಂಡು ಹೋಗುವುದು ಉತ್ತಮ. ಫಲಕವು ‘ಕತ್ತಿ’ ಎಂದಷ್ಟೇ ಬರೆದಿರುವಲ್ಲಿ ಅವರು ಅದನ್ನು ಎಲ್ಲಿ ಸಿಕ್ಕಿಸುತ್ತಾರೆ, ಯಾವ ದಿನ ತೆಗೆಯುತ್ತಾರೆ, ಯಾರ ಕೈಗೆ ಕೊಡುತ್ತಾರೆ ಎಂಬುದನ್ನು ಹೇಳಬಲ್ಲರು.

ಮಕ್ಕಳನ್ನು ಕರೆತಂದವರು ಅವರಿಗೆ ಒಂದು ಕೆಲಸ ವಹಿಸಿ. ಹೆಡೆಗಳನ್ನು ಎಣಿಸುವುದು, ಬಳೆ ತೊಟ್ಟ ಕೈಯನ್ನು ಹುಡುಕುವುದು, ಸೂರ್ಯ ಚಂದ್ರರಿರುವ ಕಲ್ಲನ್ನು ಚಿತ್ರ ಬರೆದುಕೊಳ್ಳುವುದು, ಯಾವುದಾದರೂ ಆಗಬಹುದು. ಕಾರ್ಯಪ್ಪನವರ ಭಾಗದಲ್ಲಿ ಅವರಿಗೆ ಇಷ್ಟು ಹೇಳಿದರೆ ಸಾಕು: 1899ರಲ್ಲಿ ಕೊಡಗಿನ ಶನಿವಾರಸಂತೆಯಲ್ಲಿ ಹುಟ್ಟಿದ ಇವರು 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು, ಆ ದಿನವನ್ನೇ ದೇಶವು ಸೇನಾ ದಿನವಾಗಿ ಆಚರಿಸುತ್ತದೆ. ಸೈನ್ಯದ ವಿಷಯದಲ್ಲಿ ಆಸಕ್ತಿ ಹೆಚ್ಚಿದ್ದರೆ ಅದೇ ಊರಿನಲ್ಲಿ ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿಸೈಡ್’ 2021ರಿಂದ ವಸ್ತುಸಂಗ್ರಹಾಲಯವಾಗಿದೆ.

ಹೊರಗೆ ಬಂದ ಮೇಲೆ

ಒಳಗೆ ನೋಡಿದ್ದನ್ನು ಅದೇ ದಿನ ಹೊರಗೆ ಹುಡುಕಿಕೊಂಡು ಹೋಗುವುದು ಈ ಭೇಟಿಯ ಎರಡನೆಯ ಅರ್ಧ. ಹತ್ತಿರದ ಓಂಕಾರೇಶ್ವರ ದೇವಸ್ಥಾನವನ್ನು ಲಿಂಗರಾಜೇಂದ್ರನು 1820ರಲ್ಲಿ ಕಟ್ಟಿಸಿದನು, ಅದರ ಗುಮ್ಮಟ ಮತ್ತು ಮೂಲೆಯ ಗೋಪುರಗಳನ್ನು ಗದ್ದಿಗೆಯಲ್ಲಿರುವ ಅರಸರ ಸಮಾಧಿಗಳೊಂದಿಗೆ ಹೋಲಿಸಿ ನೋಡಿದರೆ ಆ ಕಾಲದ ಕಟ್ಟುವವರ ಅಭಿರುಚಿ ತಿಳಿಯುತ್ತದೆ. ಇನ್ನೊಂದು ದಿನದ ಬಿಡುವಿದ್ದರೆ ನಾನು ಮುಳ್ಳೂರನ್ನೇ ಸೂಚಿಸುತ್ತೇನೆ. ಸಂಗ್ರಹಾಲಯದಲ್ಲಿ ತೀರ್ಥಂಕರರನ್ನು ಗುರುತಿಸಲು ಕಲಿತವರು ಗರ್ಭಗುಡಿಯಲ್ಲಿ ಅವರನ್ನು ಕಾಣುವುದಕ್ಕೂ, ಏನೂ ತಿಳಿಯದೆ ಅಲ್ಲಿಗೆ ಹೋಗುವುದಕ್ಕೂ ಬಹಳ ಅಂತರವಿದೆ.

ಕೊಡಗಿನಲ್ಲೇ ಇರುವವರಿಗೆ ಇನ್ನೊಂದು ಮಾತನ್ನು ಹೇಳಬೇಕಾಗಿದೆ. ಕಾಫಿ ತೋಟದಲ್ಲಿ ಗುಂಡಿ ತೆಗೆಯುವಾಗ, ಗದ್ದೆಯ ಬದು ಸರಿಪಡಿಸುವಾಗ, ಮಳೆಗೆ ಬರೆ ಜರಿದಾಗ ಹಳೆಯ ಕಲ್ಲೋ ವಿಗ್ರಹವೋ ನಾಣ್ಯವೋ ಮೇಲೆ ಬರುವುದುಂಟು. ಅದನ್ನು ತೊಳೆದು, ಎತ್ತಿ, ಮನೆಯಂಗಳಕ್ಕೆ ತಂದು ನಿಲ್ಲಿಸಬೇಡಿ. ಇದ್ದ ಜಾಗದಲ್ಲೇ ಬಿಟ್ಟು, ಯಾವ ದಿಕ್ಕಿಗೆ ಮುಖಮಾಡಿತ್ತು, ಎಷ್ಟು ಆಳದಲ್ಲಿತ್ತು, ಪಕ್ಕದಲ್ಲಿ ಇಟ್ಟಿಗೆಯೋ ಮಡಕೆಯ ಚೂರೋ ಇತ್ತೇ ಎಂಬುದನ್ನು ಬರೆದಿಟ್ಟು, ನಾಲ್ಕು ಕಡೆಯಿಂದ ಚಿತ್ರ ತೆಗೆದು ತಾಲ್ಲೂಕು ಕಚೇರಿಗೆ ಅಥವಾ ಪುರಾತತ್ತ್ವ ಇಲಾಖೆಗೆ ತಿಳಿಸಿ. ನೂರು ವರ್ಷ ದಾಟಿದ ಶಿಲ್ಪ, ನಾಣ್ಯ, ಶಾಸನಗಳು 1972ರ ಕಾನೂನಿನ ಪ್ರಕಾರ ಪ್ರಾಚೀನ ವಸ್ತುಗಳ ಸಾಲಿಗೆ ಸೇರುತ್ತವೆ, ಅವನ್ನು ಮನಬಂದಂತೆ ಮಾರುವಂತಿಲ್ಲ, ದೇಶದಿಂದ ಹೊರಗೆ ಕಳುಹಿಸುವಂತಿಲ್ಲ. ನೀವು ಬರೆದಿಟ್ಟ ಆ ಟಿಪ್ಪಣಿಯ ಒಂದು ನಕಲನ್ನು, ವಿಷಯ ತಿಳಿಸಿ ಬರೆಯುವ ಅರ್ಜಿಯ ಜೊತೆಗೇ ಲಗತ್ತಿಸಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಮುಂದೆ ಆ ಕಲ್ಲು ಮಡಿಕೇರಿಯ ಸಂಗ್ರಹಕ್ಕೆ ಬಂದರೆ ಅದರ ಫಲಕದ ಮೇಲೆ ಊರಿನ ಹೆಸರಿನ ಜೊತೆಗೆ ಅದು ನಿಂತಿದ್ದ ಜಾಗವನ್ನೂ ಬರೆಯಲು ಅದರಿಂದ ಸಾಧ್ಯವಾಗುತ್ತದೆ.